ಗಡಿಯಾಚೆಯ ಕವಿಗಳಿಗೆ ಆನ್‌ಲೈನ್ ಗೋಷ್ಠಿ ಬೇಕೇ ಬೇಕು

ಸಭಾಂಗಣಗಳ ಬಾಗಿಲು ಮತ್ತೆ ತೆರೆದ ಮೇಲೆ ಆನ್‌ಲೈನ್ ಕವಿಗೋಷ್ಠಿಯ ಬಗ್ಗೆ ನಮ್ಮ ಸಾಹಿತ್ಯ ಸಂಘಟಕರಿಗೆ ಅಸಡ್ಡೆ ಬಂದಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೇರೆ ದಾರಿ ಇರಲಿಲ್ಲ, ಝೂಮ್ ಹಿಡಿದೆವು, ಗೂಗಲ್ ಮೀಟ್ ಹಿಡಿದೆವು. ಈಗ ಅದೆಲ್ಲ ಯಾಕೆ ಎಂಬ ಮಾತು ಕೇಳಿಬರುತ್ತದೆ. ಬೆಂಗಳೂರು, ಮೈಸೂರು, ಧಾರವಾಡದ ಮಟ್ಟಿಗೆ ಇದನ್ನು ಒಪ್ಪಬಹುದು. ಅಲ್ಲಿ ಕವಿತೆ ಓದಲು ವೇದಿಕೆಗೂ ಬರವಿಲ್ಲ, ಕೇಳಲು ಜನಕ್ಕೂ ಬರವಿಲ್ಲ. ಮಹಾರಾಷ್ಟ್ರದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಕನ್ನಡಿಗರ ಪಾಲಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ.

ಗಡಹಿಂಗ್ಲಜ ತಾಲ್ಲೂಕಿನ ಪೂರ್ವ ಭಾಗದ ನೂಲ, ಹಲಕರ್ಣಿ, ಬಸರ್ಗೆಯಂಥ ಊರುಗಳಲ್ಲಿ ಮನೆಮಾತು ಕನ್ನಡ. ಬೀಗತನ, ಜಾತ್ರೆ, ದನದ ವ್ಯಾಪಾರ ಎಲ್ಲವೂ ಸಂಕೇಶ್ವರ, ಹುಕ್ಕೇರಿ ಕಡೆಗೇ. ಇಚಲಕರಂಜಿ ಮಗ್ಗದ ಊರು. 1904ರಲ್ಲಿ ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂತು. ಆಮೇಲೆ ದುಡಿಮೆ ಹುಡುಕಿಕೊಂಡು ಬಂದವರಲ್ಲಿ ಕೃಷ್ಣಾ ತೀರದ ಕನ್ನಡ ಕುಟುಂಬಗಳೂ ಇದ್ದವು. ಕೊಲ್ಹಾಪುರದಲ್ಲಿ ವ್ಯಾಪಾರಸ್ಥರು, ನೌಕರರು, ವಿದ್ಯಾರ್ಥಿಗಳು ಅಲ್ಲಲ್ಲಿ ಚದುರಿಕೊಂಡಿದ್ದಾರೆ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಇವರಲ್ಲಿ ಬಹಳ ಮಂದಿ ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಹಾಡಿದರೆ ದನಿಗೂಡಿಸುತ್ತಾರೆ, ಪುಸ್ತಕ ಕೊಟ್ಟರೆ ಓದಲು ಬರುವುದಿಲ್ಲ. ಇಂಥವರಿಗೆ ಕವನ ಸಂಕಲನ ಕಳಿಸಿ ಪ್ರಯೋಜನವಿಲ್ಲ. ಇವರಿಗೆ ಕವಿತೆ ಕಿವಿಗೆ ಬೀಳಬೇಕು. ಕವಿಗೋಷ್ಠಿಯ ಕೆಲಸವೇ ಅದು.

ಈ ನೆಲಕ್ಕೆ ಕನ್ನಡ ಕಾವ್ಯ ಹೊರಗಿನಿಂದ ಬಂದ ಅತಿಥಿಯಲ್ಲ. 12ನೆಯ ಶತಮಾನದಲ್ಲಿ ಕರ್ಣಪಾರ್ಯ ‘ನೇಮಿನಾಥ ಪುರಾಣ’ವನ್ನು ಬರೆದದ್ದು ಕೊಲ್ಹಾಪುರದ ಶಿಲಾಹಾರ ದೊರೆ ವಿಜಯಾದಿತ್ಯನ ಮಂತ್ರಿಯೊಬ್ಬನ ಆಶ್ರಯದಲ್ಲಿ. ಶಿಲಾಹಾರರ ಕಾಲದ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. ಅವನ್ನು ಊರೂರು ಸುತ್ತಿ ಓದಿ, 1939ರಲ್ಲಿ ಕೊಲ್ಹಾಪುರ ಸಂಸ್ಥಾನದ ಮತ್ತು ಉತ್ತರ ಕರ್ನಾಟಕದ ಶಾಸನಗಳ ಸಂಪುಟವಾಗಿ ತಂದವರು ಕೆ.ಜಿ. ಕುಂದಣಗಾರ. ಅವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅದೇ ಕಾಲೇಜಿನಲ್ಲಿ ಆ.ನೇ. ಉಪಾಧ್ಯೆಯವರು 1930ರಿಂದ ಮೂರು ದಶಕ ಅರ್ಧಮಾಗಧಿ ಕಲಿಸಿದರು. ವಿ.ಕೃ. ಗೋಕಾಕರು ಅಲ್ಲಿ ಪ್ರಾಂಶುಪಾಲರಾಗಿದ್ದರು. ಪಕ್ಕದ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರಿದ್ದರು. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. 1958ರ ಬಳ್ಳಾರಿಗೆ ಗೋಕಾಕ, 1961ರ ಗದಗಕ್ಕೆ ಕುಂದಣಗಾರ, 1963ರ ಸಿದ್ಧಗಂಗೆಗೆ ಮುಗಳಿ, 1967ರ ಶ್ರವಣಬೆಳಗೊಳಕ್ಕೆ ಉಪಾಧ್ಯೆ. ಹತ್ತು ವರ್ಷದೊಳಗೆ ನಾಲ್ವರು ಅಧ್ಯಕ್ಷರು, ನಾಲ್ವರೂ ಕೊಲ್ಹಾಪುರ–ಸಾಂಗ್ಲಿಯ ಕಾಲೇಜುಗಳಲ್ಲಿ ಪಾಠ ಹೇಳಿದವರು! 1974ರಲ್ಲಿ ಮಂಡ್ಯದಲ್ಲಿ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರು, ಕನ್ನಡ ಮರಾಠಿ ಎರಡರಲ್ಲೂ ಬರೆದವರು.

ಆ ಕಾಲದಲ್ಲಿ ಗಡಿಯಾಚೆಯ ಕನ್ನಡ ಬರಹಗಾರರಿಗೆ ಕಾಲೇಜೇ ಕೂಡುವ ಜಾಗವಾಗಿತ್ತು. ಮೇಷ್ಟ್ರು ಇದ್ದರು, ಹಾಸ್ಟೆಲಿನ ಹುಡುಗರಿದ್ದರು, ಸಂಜೆ ಒಂದು ಕೋಣೆ ಸಿಗುತ್ತಿತ್ತು. ರಾಜ್ಯಗಳ ಗೆರೆ ಎಳೆದ ಮೇಲೆ ಆ ನೆಲೆ ಸೊರಗಿತು. ಅದರ ಜಾಗಕ್ಕೆ ನಾವು ಏನನ್ನೂ ಕಟ್ಟಲಿಲ್ಲ. ವರ್ಷಕ್ಕೊಮ್ಮೆ ರಾಜ್ಯೋತ್ಸವ, ಅಪರೂಪಕ್ಕೊಂದು ಗಡಿನಾಡ ಉತ್ಸವ, ಅಷ್ಟೇ.

ಸಭೆ ಕರೆದರೂ ಜನ ಬಂದು ಸೇರುವುದೇ ಕಷ್ಟ. ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಸುಮಾರು 30 ಕಿಲೋಮೀಟರ್, ಗಡಹಿಂಗ್ಲಜದಿಂದ ಅದರ ಎರಡು ಪಟ್ಟಿಗೂ ಹೆಚ್ಚು. ಕವಿಗೋಷ್ಠಿ ರಾತ್ರಿ ಎಂಟಕ್ಕೆ ಮುಗಿದರೆ ಹಳ್ಳಿಯ ಹೆಣ್ಣುಮಗಳೊಬ್ಬಳು ಮನೆ ಸೇರುವುದು ಹೇಗೆ? ಇದು ದಿನನಿತ್ಯದ ಮಾತು. ಇದಲ್ಲದೆ, ಈಚಿನ ವರ್ಷಗಳಲ್ಲಿ ಈ ದಾರಿಯೇ ಮತ್ತೆ ಮತ್ತೆ ಕಡಿದುಹೋಗಿದೆ. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮರುವರ್ಷ ಕೊರೊನಾ. 2021ರಲ್ಲಿ ಗಡಿಯ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಆರ್‌ಟಿಪಿಸಿಆರ್ ವರದಿ ತೋರಿಸದೆ ಕರ್ನಾಟಕದೊಳಗೆ ಬಿಡುತ್ತಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಕಾವು ಪಡೆದು ಎರಡೂ ರಾಜ್ಯಗಳ ಬಸ್ಸುಗಳಿಗೆ ತಡೆ ಬಿತ್ತು. ನೆರೆ, ರೋಗ, ರಾಜಕೀಯ ಯಾವುದು ಬಂದರೂ ಮೊದಲು ನಿಲ್ಲುವುದು ಇಲ್ಲಿಯ ಜನರ ಓಡಾಟ. ಫೋನಿನಲ್ಲಿ ಒಂದು ಲಿಂಕ್ ತೆರೆದು ಕುಳಿತವರನ್ನು ಯಾವ ಚೆಕ್‌ಪೋಸ್ಟೂ ತಡೆಯುವುದಿಲ್ಲ.

ಹಾಗೆಂದು ನಡೆಯುತ್ತಿರುವ ಆನ್‌ಲೈನ್ ಗೋಷ್ಠಿಗಳೆಲ್ಲ ಚೆನ್ನಾಗಿವೆ ಎಂದು ನಾನು ಹೇಳುವುದಿಲ್ಲ. ಹೆಚ್ಚಿನವು ಚೆನ್ನಾಗಿಲ್ಲ. ಸಭಾಂಗಣದ ವಿಧಿಗಳನ್ನೆಲ್ಲ ಇದ್ದ ಹಾಗೆಯೇ ಪರದೆಗೆ ತಂದು ಸುರಿದದ್ದೇ ಕಾರಣ. ಝೂಮ್‌ನ ಉಚಿತ ಖಾತೆಯಲ್ಲಿ ಗುಂಪಿನ ಸಭೆಗೆ 40 ನಿಮಿಷ ಮಾತ್ರ ಅವಕಾಶ, ಮೀಟ್‌ನಲ್ಲಿ ಒಂದು ಗಂಟೆ. ಸಣ್ಣ ಬಳಗಗಳು ಹಣ ಕೊಟ್ಟು ಖಾತೆ ತೆಗೆಯುವುದಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಉದ್ಘಾಟನಾ ನುಡಿ, ಆಶಯ ನುಡಿ ಇಷ್ಟಕ್ಕೆ 25 ನಿಮಿಷ ಹೋಯಿತೆಂದು ಇಟ್ಟುಕೊಳ್ಳಿ. ಆಮಂತ್ರಣದಲ್ಲಿ 20 ಕವಿಗಳ ಹೆಸರಿದ್ದರೆ ತಲೆಗೆ ಒಂದು ನಿಮಿಷವೂ ಸಿಗುವುದಿಲ್ಲ. ಒಬ್ಬರು ಮೂರನೆಯ ನುಡಿಗೆ ಬಂದಿರುತ್ತಾರೆ, ಕರೆ ಕಡಿದುಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹೊಸ ಲಿಂಕ್ ಬರುತ್ತದೆ, ಅರ್ಧ ಜನ ಮರಳುವುದಿಲ್ಲ. ತಮ್ಮ ಕವಿತೆ ಓದಿದ ಕೂಡಲೇ ಹೊರಟುಹೋಗುವ ಕವಿಗಳ ಕಾಟ ಬೇರೆ. ಕೊನೆಗೆ ಅಧ್ಯಕ್ಷರ ಭಾಷಣ ಕೇಳಲು ನಿರೂಪಕರು, ವಂದನಾರ್ಪಣೆಯವರು ಇಬ್ಬರೇ ಉಳಿದಿರುತ್ತಾರೆ. ಮರುದಿನ ಎಲ್ಲರಿಗೂ ಬಣ್ಣದ ಇ–ಪ್ರಮಾಣಪತ್ರ.

ಇದನ್ನು ಸರಿಪಡಿಸಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಒಂದು ಗೋಷ್ಠಿಗೆ ಆರೇ ಕವಿಗಳು ಸಾಕು. ಒಬ್ಬರಿಗೆ ಐದು ನಿಮಿಷ. ಅದರಲ್ಲಿ ಒಂದು ಕವಿತೆ, ಅದನ್ನೇ ಇನ್ನೊಮ್ಮೆ ಓದುವುದು. ಅರ್ಧ ಗಂಟೆ ಆಯಿತು. ಉಳಿದ ಹತ್ತು ನಿಮಿಷ ಕೇಳಿದವರು ಮಾತಾಡಲಿ. ಸಭೆಯಲ್ಲಾದರೆ ಒಳ್ಳೆಯ ಸಾಲು ಬಂದಾಗ ‘ಇನ್ನೊಮ್ಮೆ’ ಎಂಬ ಕೂಗು ತಾನಾಗಿಯೇ ಏಳುತ್ತದೆ. ಇಲ್ಲಿ ಎಲ್ಲರ ಮೈಕ್ ಬಂದ್ ಆಗಿರುವುದರಿಂದ ಕವಿಗೆ ತನ್ನ ಸಾಲು ಮುಟ್ಟಿತೋ ಇಲ್ಲವೋ ತಿಳಿಯುವುದೇ ಇಲ್ಲ. ಎರಡನೆಯ ಓದು ಕಡ್ಡಾಯವಾದರೆ ಆ ಕೊರತೆ ಸ್ವಲ್ಪ ತುಂಬುತ್ತದೆ. ಸ್ವಾಗತ, ವಂದನೆ ವಾಟ್ಸ್‌ಆ್ಯಪ್‌ನಲ್ಲೇ ಮುಗಿಯಲಿ.

ಧ್ವನಿಯ ಕಡೆಗೆ ಸಂಘಟಕರು ಇನ್ನೂ ಗಮನ ಕೊಟ್ಟಿಲ್ಲ. ಈ ಆ್ಯಪ್‌ಗಳು ಮಾತನ್ನು ಉಳಿಸಿಕೊಂಡು ಹಿನ್ನೆಲೆಯ ಸದ್ದನ್ನು ಅಳಿಸುವಂತೆ ರೂಪುಗೊಂಡಿವೆ. ಫ್ಯಾನಿನ ಸದ್ದು, ಮಗ್ಗದ ಸದ್ದು ಹೋಗುವುದು ಒಳ್ಳೆಯದೇ. ಅದರ ಜೊತೆಗೆ ಏಕತಾರಿಯ ಶ್ರುತಿಯೂ ಹೋಗುತ್ತದೆ. ಗಡಿನಾಡಿನ ಕಾವ್ಯದಲ್ಲಿ ಹಾಡಿಕೆಯ ಪಾಲು ದೊಡ್ಡದು: ಬೀಸುವ ಪದ, ಸೋಬಾನೆ, ತತ್ವಪದ, ಗೀಗೀಪದ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇದೆ, ಹಾಡುವವರ ಫೋನಿನಲ್ಲಿ ಅದನ್ನು ಮೊದಲೇ ಹಾಕಿಕೊಡಬೇಕು. ಒಬ್ಬರ ದನಿ ಇನ್ನೊಬ್ಬರನ್ನು ತಲುಪುವಾಗ ಅಷ್ಟಿಷ್ಟು ತಡವಾಗುವುದರಿಂದ, ಎರಡು ಮನೆಯಲ್ಲಿ ಕುಳಿತು ಸೊಲ್ಲು ಹಿಡಿದರೆ ತಾಳ ಕೂಡುವುದಿಲ್ಲ. ಸೋಬಾನೆ ಹಾಡುವ ಹೆಣ್ಣುಮಕ್ಕಳು ಒಂದೇ ಕೋಣೆಯಲ್ಲಿ ಒಂದೇ ಫೋನಿನ ಸುತ್ತ ಕುಳಿತರೆ ಹಾಡು ಕೂಡಿ ಬರುತ್ತದೆ. ಅರ್ಧ ತಾಸು ಮುಂಚೆ ಒಮ್ಮೆ ಪರೀಕ್ಷೆ ಮಾಡಿಕೊಂಡರೆ ಮುಗಿಯಿತು.

ಕೇಳುಗರು ಯಾರು ಎಂಬುದನ್ನು ನೋಡಿ ಸಮಯವನ್ನೂ ಗೊತ್ತುಮಾಡಬೇಕು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಶಿಕ್ಷಕರಿಗೆ, ಬ್ಯಾಂಕಿನವರಿಗೆ ಅನುಕೂಲ. ಹನ್ನೆರಡು ತಾಸಿನ ಪಾಳಿಯಲ್ಲಿ ಮಗ್ಗ ನಡೆಸುವವನಿಗೆ ಅದು ನಿದ್ದೆಯ ಹೊತ್ತಾಗಿರಬಹುದು, ಕೆಲಸದ ಹೊತ್ತೂ ಆಗಿರಬಹುದು. ಹಾಗಾಗಿ ಧ್ವನಿಮುದ್ರಣ ಬೇಕು. ಗೋಷ್ಠಿಯ ವಿಡಿಯೊವನ್ನು ಇಡಿಯಾಗಿ ಯೂಟ್ಯೂಬಿಗೆ ಹಾಕಿದರೆ ಯಾರೂ ನೋಡುವುದಿಲ್ಲ. ಒಬ್ಬೊಬ್ಬರ ಕವಿತೆಯನ್ನು ಬೇರೆ ಬೇರೆ ಕತ್ತರಿಸಿ, ಕವಿಯ ಹೆಸರು, ಊರಿನ ಹೆಸರು ಹಾಕಿ, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಊಟದ ಹೊತ್ತಿನಲ್ಲಿ ಕೇಳುತ್ತಾರೆ.

ಮರಾಠಿ ಕವಿಗಳನ್ನು ಹೊರಗಿಟ್ಟು ಕನ್ನಡ ಗೋಷ್ಠಿ ನಡೆಸುವುದು ಈ ಮೂರು ಊರಿನಲ್ಲಿ ಅಸಹಜ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇದು ಮರಾಠಿ ಕಾದಂಬರಿಕಾರ ವಿ.ಸ. ಖಾಂಡೇಕರರ ಕೊಲ್ಹಾಪುರ. 1974ರಲ್ಲಿ ಪು.ಲ. ದೇಶಪಾಂಡೆಯವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ಸೇರಿದ್ದು ಇಚಲಕರಂಜಿಯಲ್ಲಿ. ಕಾರಂತರ, ಭೈರಪ್ಪನವರ ಕಾದಂಬರಿಗಳು ಉಮಾ ಕುಲಕರ್ಣಿಯವರ ಅನುವಾದದಿಂದ ಮರಾಠಿ ಮನೆಗಳಿಗೆ ಹೋಗಿವೆ. ಹೊಸ ಕನ್ನಡ ಕವಿತೆಗೆ ಅಂಥ ಭಾಗ್ಯ ಒದಗಿಲ್ಲ. ಆರು ಜನರಲ್ಲಿ ಇಬ್ಬರು ಮರಾಠಿಯವರಿರಲಿ, ಒಬ್ಬರ ಕವಿತೆಯನ್ನು ಇನ್ನೊಬ್ಬರು ತಮ್ಮ ಭಾಷೆಗೆ ತಂದು ಓದಲಿ. ಎರಡೂ ಭಾಷೆ ಬಲ್ಲ ಜನ ಇಲ್ಲಿರುವಷ್ಟು ಬೇರೆಡೆ ಸಿಗುವುದು ಕಷ್ಟ.

ಎದುರುಬದುರು ಕೂಡುವ ಸುಖ ಪರದೆಯಲ್ಲಿ ಸಿಗದು, ನಿಜ. ಸಾಂಗ್ಲಿ ಜಿಲ್ಲೆಯ ಔದುಂಬರದಲ್ಲಿ ಕೃಷ್ಣೆಯ ದಂಡೆಯ ಮೇಲೆ ಪ್ರತಿ ಸಂಕ್ರಾಂತಿಗೆ ಮರಾಠಿ ಸಾಹಿತಿಗಳು ಸೇರುತ್ತಾರೆ. ಅಂಥದ್ದೊಂದು ವಾರ್ಷಿಕ ಕೂಟ ಕನ್ನಡದವರಿಗೂ ಇರಲಿ, ಗಡಹಿಂಗ್ಲಜದಲ್ಲೇ ಆಗಲಿ. ತಿಂಗಳು ತಿಂಗಳೂ ದನಿ ಕೇಳಿ ಪರಿಚಯವಾದವರು ಅಲ್ಲಿಗೆ ಬಂದೇ ಬರುತ್ತಾರೆ.

ಕನ್ನಡ ಸಾಹಿತ್ಯ ಪರಿಷತ್ತಿನ ಮಹಾರಾಷ್ಟ್ರ ಘಟಕಕ್ಕೂ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ನನ್ನ ಬೇಡಿಕೆ ಸಣ್ಣದು. ಒಂದು ದಿನದ ಉತ್ಸವದ ಶಾಮಿಯಾನ, ಹಾರ, ಶಾಲಿಗೆ ಆಗುವ ಖರ್ಚಿನಲ್ಲಿ ಒಂದು ಬಳಗ ವರ್ಷವಿಡೀ ತಿಂಗಳಿಗೊಂದು ಆನ್‌ಲೈನ್ ಗೋಷ್ಠಿ ನಡೆಸಿ, ಧ್ವನಿ ಮುದ್ರಿಸಿ, ಹಂಚಬಹುದು. ಅನುದಾನದ ನಿಯಮದಲ್ಲಿ ಇದಕ್ಕೂ ಒಂದು ಸಾಲು ಸೇರಿಸಿ. ಮೂರು ಊರಿನ ಕವಿ ಬಳಗಗಳೂ ಕಾಯುತ್ತ ಕೂರುವುದು ಬೇಡ. ಬರುವ ತಿಂಗಳೇ ಆರು ಹೆಸರು ಆರಿಸಿ, ಅದರಲ್ಲಿ ಕನ್ನಡ ಓದಲು ಬಾರದ, ಹಾಡಲು ಬರುವ ಒಬ್ಬ ಅಜ್ಜಿಯ ಹೆಸರು ಮೊದಲಿಗೆ ಇರಲಿ.