ಪಟ್ಟ ಕಟ್ಟೋ ಕೈ ಯಾರದು?



"ಅಖಾಡಕ್ಕೆ ಜಾತಿ ಇಲ್ಲ ಬಿಡ್ರಿ, ಗೆದ್ದೋನಿಗೆ ಬೆಲ್ಟು, ಅಷ್ಟೇ." ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಮೊಬೈಲಲ್ಲಿ ಬಾಕ್ಸಿಂಗ್ ನೋಡ್ತಾ ಒಬ್ರು ಅಂದ ಮಾತಿದು. ಅಲ್ಲಿ ನಾನು ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

ಆ ಬೆಲ್ಟಿನ ಕಥೆ ಕೇಳ್ರಿ. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬು ಬ್ರಿಟಿಷ್ ಚಾಂಪಿಯನ್ನರಿಗೆ ಲಾನ್ಸ್‌ಡೇಲ್ ಬೆಲ್ಟ್ ಕೊಡೋಕೆ ಶುರು ಮಾಡ್ತು. ಹೆಸರು ಒಬ್ಬ ಜಹಗೀರದಾರ ದೊರೆಯದ್ದು, ಹೊಡೆಸಿಕೊಳ್ಳೋ ಮೈ ಬಡವರದ್ದು. ಅದರಲ್ಲೂ ಎಲ್ಲ ಬಡವರದ್ದಲ್ಲ. ಅಪ್ಪ ಅವ್ವ ಇಬ್ಬರೂ ಬಿಳಿಯರಾಗಿದ್ರೆ ಮಾತ್ರ ಆ ಪಟ್ಟಕ್ಕೆ ಕಾದಾಡಬಹುದು ಅನ್ನೋ ಕಟ್ಟಳೆ 1948ರ ತನಕ ಇತ್ತು. ಮ್ಯಾಂಚೆಸ್ಟರಿನ ಲೆನ್ ಜಾನ್ಸನ್‌ನ ಅಪ್ಪ ಆಫ್ರಿಕಾದವರು, ತಾಯಿ ಬಿಳಿಯರು. 1925ರಲ್ಲಿ ರೋಲಂಡ್ ಟಾಡ್ ಅನ್ನೋ ಹೆಸರಾಂತ ಬಾಕ್ಸರ್‌ನನ್ನೇ ಸೋಲಿಸಿದ. ಆದರೂ ಬ್ರಿಟಿಷ್ ಪಟ್ಟದ ಪಂದ್ಯಕ್ಕೆ ಅವನನ್ನು ಕೊನೇ ತನಕ ಕರೀಲೇ ಇಲ್ಲ. 1948ರಲ್ಲಿ ಡಿಕ್ ಟರ್ಪಿನ್ ಗೆದ್ದ ಮೇಲೇ ಆ ಬೇಲಿ ಮುರೀತು. ಅಲ್ಲಿವರೆಗೆ ಆ ಬೆಲ್ಟು ತೋರಿಸಿದ್ದು ತಾಕತ್ತನ್ನೋ, ಹುಟ್ಟನ್ನೋ?

ದೂರ ಯಾಕೆ, ನಮ್ಮ ಹಂಪಿಗೆ ಬರ್ರಿ. ಮಹಾನವಮಿ ದಿಬ್ಬದ ಕಲ್ಲಲ್ಲಿ ಮಲ್ಲರು ಇವತ್ತಿಗೂ ಕುಸ್ತಿ ಹಿಡಿದಿದ್ದಾರೆ. 16ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ: ಅರಸನ ಮುಂದೆ ಜಟ್ಟಿಗಳು ಮೊನೆ ಇರೋ ಬಳೆ ಹಿಡಿದು ಹೊಡೆದಾಡ್ತಿದ್ರು, ಹೆಚ್ಚು ಗಾಯ ಆದವನು ಹೋಗಿ ರೇಷ್ಮೆ ಬಟ್ಟೆ ಇಸ್ಕೊತಿದ್ದ. ನೆತ್ತರು ಜಟ್ಟಿಯದ್ದು, ದೊಡ್ಡಸ್ತಿಕೆ ಸಿಂಹಾಸನದ್ದು. ವೈಭವ ವೈಭವ ಅಂತ ಕುಣಿಯೋರು ಈ ಸಾಲನ್ನೂ ಓದ್ಕೊಳ್ಳಲಿ.

ಪಟ್ಟ ಅಂದ್ರೇನು? ಅರಸನ ಹಣೆಗೆ ಕಟ್ಟೋ ಪಟ್ಟಿ. ಅದನ್ನು ಯಾರೂ ತಾವೇ ಕಟ್ಕೊಳ್ಳಲ್ಲ, ಕಟ್ಟೋ ಕೈ ಬೇರೆ ಇರುತ್ತೆ. ನಮ್ಮವರ ಸೊಂಟಕ್ಕೂ ಈ ದೇಶ ಒಂದನ್ನು ಕಟ್ಟಿತ್ತು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ತಮ್ಮ ಹೆಜ್ಜೆ ತಾವೇ ಗುಡಿಸ್ಕೊಂಡು ಹೋಗಲಿ ಅಂತ ಸೊಂಟಕ್ಕೆ ಪೊರಕೆ ಕಟ್ಟಿಸ್ತಿದ್ರು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಒಬ್ಬನ ಸೊಂಟಕ್ಕೆ ಚಿನ್ನ, ಇನ್ನೊಬ್ಬನ ಸೊಂಟಕ್ಕೆ ಪೊರಕೆ. ಯಾರಿಗೆ ಯಾವುದು ಅಂತ ತೀರ್ಮಾನ ಮಾಡಿದ್ದು ಕುಸ್ತಿಯಲ್ಲ.

ನಾನು ಹುಡುಗನಾಗಿದ್ದಾಗ ಒಂದು ಗರಡಿಮನೆ ಬಾಗಿಲಿಗೆ ಹೋಗಿ ನಿಂತಿದ್ದೆ. ಒಳಗೆ ಹನುಮಪ್ಪನ ಫೋಟೋ, ಕೆಮ್ಮಣ್ಣಿಗೆ ಪೂಜೆ. "ಅಲ್ಲಿಂದನೇ ನೋಡಲೇ" ಅಂದ್ರು. ನೋಡಿ ಬಂದೆ. ಮಣ್ಣಿಗೇ ಇಳಿಯದವನು ಗೆಲ್ಲೋದಿರಲಿ, ಸೋಲೋಕೂ ಆಗಲ್ಲ. ಅಖಾಡಕ್ಕೆ ಜಾತಿ ಇಲ್ಲದೇ ಇರಬಹುದು ಸಾರ್, ಅದರ ಬಾಗಿಲಿಗೆ ಐತಿ.

ನಮ್ಮ ಸಂಘಟನೆಗಳಿಗೂ ಒಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ಕೇರಿ ಹುಡುಗಿ ಒಂದು ಪದಕ ತಂದ್ರೆ ಜಯಂತಿ ದಿನ ಸ್ಟೇಜಿಗೆ ಕರೀತೀವಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ಮಾರನೇ ದಿನ ಸಂಡೂರಿಂದ ಹೊಸಪೇಟೆಗೆ ಪ್ರಾಕ್ಟೀಸಿಗೆ ಹೋಗಿಬರೋದು ಹೆಂಗೆ, ಹೊಟ್ಟೆಗೆ ಏನು ತಿಂತಾಳೆ ಅಂತ ನಾವೂ ಕೇಳಲ್ಲ. ನ್ಯೂನಿಜ್ ಕಂಡ ರೇಷ್ಮೆ ಬಟ್ಟೆಗೂ ನಮ್ಮ ಶಾಲಿಗೂ ಏನು ವ್ಯತ್ಯಾಸ?

ಹಂಪಿ ಉತ್ಸವದ ಕುಸ್ತಿಗೆ ಶಿಳ್ಳೆ ಹೊಡೆಯೋಣ, ಬೇಡ ಅನ್ನಲ್ಲ. ಆದ್ರೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂದಿದ್ದು 2013ರಲ್ಲಿ. ಆ ದುಡ್ಡಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿಯ ನಮ್ಮ ಹಾಸ್ಟೆಲುಗಳಿಗೆ ಎಷ್ಟು ಮ್ಯಾಟು ಬಂದ್ವು, ಎಷ್ಟು ಜೊತೆ ಗ್ಲೌಸು ಬಂದ್ವು, ಕೋಚ್ ಯಾರು? ಸಾರ್ವಜನಿಕ ದುಡ್ಡು ತಗೊಂಡ ಗರಡಿಮನೆಗಳಲ್ಲಿ ನಮ್ಮ ಕೇರಿ ಮಕ್ಕಳು ಎಷ್ಟು ಜನ ಇದ್ದಾರೆ? ಮಾಹಿತಿ ಹಕ್ಕಿನಲ್ಲಿ ಕೇಳೋಣ.

ಮೂರೂ ತಾಲೂಕಿಗೆ ಅರ್ಜಿ ನಾನೇ ಟೈಪ್ ಮಾಡ್ತೀನಿ, ಇಪ್ಪತ್ತು ವರ್ಷದಿಂದ ಮಾಡ್ತಿರೋ ಕೆಲಸ ಅದೇ. ಹಾಕೋಕೆ ಹೆಸರು ಬೇಕು, ಸಹಿ ಬೇಕು. ಲೈಕ್ ಒತ್ತಿ ಹೋಗಬೇಡ್ರಿ, ಯಾವ ತಾಲೂಕು ಅಂತ ಕೆಳಗೆ ಬರೀರಿ.