ಲಗಾಮು ಹಿಡಿದ ಕೈ ಹಗುರವಾಗಿರಲಿ

ಕುದುರೆ ಸವಾರಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೈಸೂರು ದಸರಾ ಮೆರವಣಿಗೆಯ ಪೊಲೀಸ್ ಕುದುರೆಗಳು, ಇಲ್ಲವೇ ಊಟಿಯ ಕೆರೆಯ ಬಳಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹಾಕುವ ಕುದುರೆಗಳು. ಈಚಿನ ವರ್ಷಗಳಲ್ಲಿ ಕೊಯಮತ್ತೂರಿನ ಸುತ್ತಮುತ್ತಲೂ ಸವಾರಿ ಕಲಿಸುವ ಶಾಲೆಗಳು ಬಂದಿವೆ. ಅಲ್ಲಿ 'ಡ್ರೆಸಾಜ್' ಎಂಬ ಮಾತು ಕಿವಿಗೆ ಬಿದ್ದರೆ, "ಅದು ದುಡ್ಡಿದ್ದವರ ಆಟ, ನಮಗೇಕೆ?" ಎನ್ನುವ ಹೆತ್ತವರುಂಟು. ಈ ಬಾರಿ ಆ ಪ್ರಶ್ನೆಯನ್ನೇ ಸ್ವಲ್ಪ ವಿಚಾರಿಸೋಣ.

ಡ್ರೆಸಾಜ್ ಎಂಬುದು ಫ್ರೆಂಚ್ ಮಾತು. ಪಳಗಿಸುವುದು, ತರಬೇತಿ ಕೊಡುವುದು ಎಂದಷ್ಟೇ ಅದರ ಅರ್ಥ. 1912ರಿಂದ ಒಲಿಂಪಿಕ್ಸ್‌ನಲ್ಲಿ ಇದು ಸ್ಪರ್ಧೆಯಾಗಿದೆ. 2023ರ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ತಂಡ ಇದರಲ್ಲಿ ಚಿನ್ನ ಗೆದ್ದಿತು. ಆ ತಂಡದಲ್ಲಿದ್ದ ಅನೂಷ್ ಅಗರ್ವಾಲಾ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿದರು. ಅಂಥವರ ಕುದುರೆಗಳಿಗೆ ಭಾರೀ ಬೆಲೆ, ನಿಜ. ಆದರೆ ಈ ವಿದ್ಯೆಯ ಬೇರು ಹಣದಲ್ಲಿಲ್ಲ. ಸುಮಾರು 2,350 ವರ್ಷಗಳ ಹಿಂದೆಯೇ ಗ್ರೀಸಿನ ಕ್ಸೆನೊಫನ್ ಎಂಬ ಸೇನಾನಿ, ಕುದುರೆಗೆ ಸಿಟ್ಟಿನಿಂದ ಕಲಿಸಬಾರದು, ಸಮಾಧಾನದಿಂದ ಕಲಿಸಬೇಕು ಎಂದು ವಾದಿಸಿದ್ದ.

ಇದಕ್ಕೆ ಬೇಕಾದದ್ದು 20 ಮೀಟರ್ ಅಗಲ, 40 ಮೀಟರ್ ಉದ್ದದ ಸಮತಟ್ಟಾದ ಜಾಗ. ಅಂಚಿನಲ್ಲಿ ಗುರುತಿಗೆ ಇಂಗ್ಲಿಷ್ ಅಕ್ಷರಗಳ ಹಲಗೆಗಳು. ಹಳೆಯ ಬಣ್ಣದ ಡಬ್ಬಿಗಳ ಮೇಲೆ ಅಕ್ಷರ ಬರೆದಿಟ್ಟರೂ ನಡೆಯುತ್ತದೆ. ಕುದುರೆಯ ನಡಿಗೆಗೆ ನಾಲ್ಕು ಪೆಟ್ಟಿನ ಲಯ, ಕುಕ್ಕುಲೋಟಕ್ಕೆ ಎರಡು, ಕ್ಯಾಂಟರ್ ಎಂಬ ಹದವಾದ ಓಟಕ್ಕೆ ಮೂರು. ಆ ಲಯ ಕೆಡದಂತೆ 20 ಮೀಟರಿನ ದುಂಡು ಸುತ್ತು ಹಾಕುವುದು, ಹೇಳಿದ ಅಕ್ಷರದ ಬಳಿ ನಡಿಗೆಗೆ ಇಳಿಯುವುದು, ಅಲುಗಾಡದೆ ನಿಲ್ಲುವುದು ಮೊದಲ ಪಾಠಗಳು. ಕೇಳಲು ಸುಲಭ. ಮಾಡಿದಾಗ ಸುತ್ತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ತಪ್ಪು ಕುದುರೆಯದೆಂದು ಸವಾರನಿಗೆ ತೋರುತ್ತದೆ. ನೋಡಿದರೆ ಅವನೇ ಒಂದು ಪಕ್ಕಕ್ಕೆ ವಾಲಿ ಕೂತಿರುತ್ತಾನೆ!

ಸಾಮಾನ್ಯ ಕುದುರೆಗಳಿಗೆ ಈ ಪಾಠ ಏಕೆ ಬೇಕು? ಸವಾರಿ ಶಾಲೆಗಳಿಗೆ ಬರುವ ಎಷ್ಟೋ ಕುದುರೆಗಳು ಬೆಂಗಳೂರು, ಮೈಸೂರು, ಚೆನ್ನೈನಂಥ ಕಡೆ ರೇಸಿನಲ್ಲಿ ಓಡಿ ಬಿಟ್ಟವು. ಎರಡನೆಯ ವಯಸ್ಸಿಗೇ ಓಡತೊಡಗಿ, ಕೆಲವೇ ವರ್ಷಗಳಲ್ಲಿ ಅವುಗಳ ರೇಸು ಮುಗಿಯುತ್ತದೆ. ಆಯುಷ್ಯವೋ 25 ವರ್ಷ, ಅದಕ್ಕೂ ಮೀರಿ. ರೇಸಿನ ಕುದುರೆ ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡಲು ಕಲಿತಿರುತ್ತದೆ. ಹೆದರಿದ ಮಗು ಲಗಾಮು ಎಳೆಯುತ್ತದೆ, ಕುದುರೆ ಓಡುತ್ತದೆ. ಆಮೇಲೆ ಅದಕ್ಕೆ 'ಕೆಟ್ಟ ಕುದುರೆ' ಎಂಬ ಹೆಸರು. ಯಾರೂ ಏರಲಾಗದ ಕುದುರೆಗೆ ಹುಲ್ಲು, ಹುರುಳಿ, ಲಾಳದ ಖರ್ಚನ್ನು ಯಾರು ಎಷ್ಟು ದಿನ ಹೊತ್ತಾರು? ನಿಧಾನವಾಗಿ ನಡೆಯಲು, ನಿಲ್ಲಲು, ಮೆತ್ತನೆಯ ಸೂಚನೆಗೆ ಕಿವಿಗೊಡಲು ಅದು ಮತ್ತೆ ಕಲಿತರೆ ಇನ್ನೂ ಹತ್ತು ವರ್ಷ ಅದಕ್ಕೊಂದು ನೆಲೆ ಸಿಕ್ಕೀತು. ಆ ಕಲಿಕೆಯೇ ಡ್ರೆಸಾಜಿನ ಮೊದಲ ಮೆಟ್ಟಿಲು.

ಪಕ್ಕದ ಈರೋಡು ಜಿಲ್ಲೆಯ ಅಂದಿಯೂರಿನಲ್ಲಿ ಪ್ರತಿ ವರ್ಷ ಆಡಿ ತಿಂಗಳಲ್ಲಿ ಗುರುನಾಥಸ್ವಾಮಿ ಜಾತ್ರೆ ನಡೆಯುತ್ತದೆ. ಅಲ್ಲಿಗೆ ಮಾರವಾಡಿ, ಕಾಠಿಯಾವಾಡಿ ತಳಿಯ ಕುದುರೆಗಳೂ ಮಾರಾಟಕ್ಕೆ ಬರುತ್ತವೆ; ತಾಳಕ್ಕೆ ಕುಣಿಯುವ ಕುದುರೆಗಳನ್ನು ನೋಡಲು ಜನ ಮುಗಿಬೀಳುತ್ತಾರೆ. ಚಂದ ನೋಡಿ ಕೊಳ್ಳುವುದು ಒಂದು ದಿನದ ಕೆಲಸ, ಕಲಿಸುವುದು ವರ್ಷಗಳ ಕೆಲಸ.

ಪ್ರಾಣಿಗೆ ಕಲಿಸುವ ಜಾಣ್ಮೆ ಈ ಸೀಮೆಗೆ ಹೊಸದಲ್ಲ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಎತ್ತುಗಳು ಹೆಸರುವಾಸಿ. ಎಳೆಯ ಹೋರಿಯನ್ನು ನೊಗಕ್ಕೆ ಹೂಡುವಾಗ ಪಳಗಿದ ಎತ್ತನ್ನು ಜೊತೆಗೆ ಕಟ್ಟುವುದು ರೈತನಿಗೆ ಗೊತ್ತು. ಸವಾರಿಯಲ್ಲೂ ಹಾಗೆಯೇ. ಹೊಸ ಸವಾರನಿಗೆ ಅನುಭವಿ ಕುದುರೆ, ಹೊಸ ಕುದುರೆಗೆ ಅನುಭವಿ ಸವಾರ. ಇಬ್ಬರೂ ಹೊಸಬರಾದರೆ ಇಬ್ಬರಿಗೂ ಪೆಟ್ಟು.

ಮಕ್ಕಳನ್ನು ಸೇರಿಸುವ ಮೊದಲು ಹೆತ್ತವರು ಒಮ್ಮೆ ಲಾಯ ನೋಡಿ ಬರಲಿ. ನೆರಳಿದೆಯೇ, ನೀರಿದೆಯೇ? ಜೀನು ಬಿಚ್ಚಿದಾಗ ಬೆನ್ನಿನ ಮೇಲೆ ಹುಣ್ಣುಗಳಿವೆಯೇ? ಈ ಬಯಲು ಸೀಮೆಯ ಬೇಸಿಗೆಯಲ್ಲಿ ನಡುಹಗಲು ಸವಾರಿ ಮಾಡಿಸುವುದು ಸಲ್ಲದು. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಸಾಮಾನ್ಯ ಲೆಕ್ಕ. 450 ಕಿಲೋ ಕುದುರೆಗೆ 90 ಕಿಲೋ. ಗದ್ದದ ಪಟ್ಟಿ ಕಟ್ಟಿದ ಹೆಲ್ಮೆಟ್ ಇಲ್ಲದೆ ಯಾರೂ ಏರಬಾರದು. ಕುದುರೆಗೆ ತನ್ನ ನೇರ ಹಿಂದಿರುವುದು ಕಾಣದು. ಆದ್ದರಿಂದ ಮಾತನಾಡಿಸುತ್ತಾ ಹೆಗಲಿನ ಕಡೆಯಿಂದ ಹತ್ತಿರ ಹೋಗಲು ಮಕ್ಕಳಿಗೆ ಹೇಳಿಕೊಡಿ.

ಕುದುರೆ ಹೇಳಿದಂತೆ ಮಾಡಿದ ಕ್ಷಣವೇ ಲಗಾಮನ್ನು ಸಡಿಲಿಸಬೇಕು. ಅದೇ ಅದಕ್ಕೆ ಸಿಗುವ ಶಹಭಾಸ್. ಎಳೆದದ್ದನ್ನು ಬಿಡದಿದ್ದರೆ, ತಾನು ಸರಿಯಾಗಿ ಮಾಡಿದೆನೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಮಕ್ಕಳನ್ನು ಬೆಳೆಸುವ ಮನೆಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಸವಾರಿ ಶಾಲೆಗೆ ಹೋದಾಗ, ಎಷ್ಟು ದಿನದಲ್ಲಿ ಓಡಿಸಲು ಕಲಿಸುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ನೀವು, ನಿಲ್ಲಿಸುವುದನ್ನು ಹೇಗೆ ಕಲಿಸುತ್ತೀರಿ ಎಂದು ಕೇಳಿ ನೋಡಿ. ಒಳ್ಳೆಯ ಗುರುವಿಗೆ ಆ ಪ್ರಶ್ನೆ ಇಷ್ಟವಾಗುತ್ತದೆ.