ಹಿಡಿದು ಬಿಟ್ಟ ಕೋತಿ ಯಾರ ತೋಟಕ್ಕೆ ಹೋಗುತ್ತೆ?

ಡ್ವಾರ್ಫ್ ಫೋರ್ಟ್ರೆಸ್ ಅಂತ ಒಂದು ಕಂಪ್ಯೂಟರ್ ಗೇಮ್ ಇದೆ. ಅಮೆರಿಕದ ಅಣ್ಣತಮ್ಮ ಇಬ್ಬರು ಮಾಡಿ 2006ರಲ್ಲಿ ಹೊರಗೆ ಬಿಟ್ಟಿದ್ದು. ಬೆಟ್ಟ ಕೊರೆದು ಕುಳ್ಳರಿಗೊಂದು ಊರು ಕಟ್ಟಿಕೊಡುವ ಆಟ. ಅದರಲ್ಲೂ ಕೋತಿ ಕಾಟ! ಹೊರಗೆ ಇಟ್ಟ ಸಾಮಾನನ್ನು ಎತ್ತಿಕೊಂಡು ಓಡುತ್ತವೆ. ಆಡುವವರು ಸಾಮಾನನ್ನು ನೆಲದಡಿಗೆ ಸಾಗಿಸುತ್ತಾರೆ, ನಾಯಿ ಕಟ್ಟುತ್ತಾರೆ, ಬೋನು ಇಡುತ್ತಾರೆ. ಬೋನಿಗೆ ಬಿತ್ತೋ, ಅಲ್ಲಿಗೆ ಕಥೆ ಮುಗೀತು.

ನಮ್ಮ ಹಾರನಹಳ್ಳಿ, ಅರಸೀಕೆರೆ ಕಡೆ ಹಾಗೆ ಮುಗಿಯಲ್ಲ. ತೆಂಗಿನ ತೋಟವನ್ನು ನೆಲದಡಿಗೆ ಇಳಿಸೋಕಾಗುತ್ತಾ? ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಒಂದು ವರ್ಷ ಬೇಕು. ಅದು ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿ ಆಗೋಕೆ ಇನ್ನೂ ಎಷ್ಟೋ ತಿಂಗಳು. ಕೋತಿ ಎಳನೀರಲ್ಲೇ ಕಚ್ಚಿ ಬಿಸಾಕಿದರೆ ಹೋಗೋದು ಒಂದು ಬುರುಡೆ ಅಲ್ಲ, ಮುಂದಿನ ವರ್ಷದ ಕೊಬ್ಬರಿ ದುಡ್ಡು. ರೈತರ ಸಿಟ್ಟು ಸುಳ್ಳಲ್ಲ.

ನಾಯಿ ಉಪಾಯವೂ ಆಗಿದೆ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನಲ್ಲೂರಿನ ರೈತರೊಬ್ಬರು ತಮ್ಮ ನಾಯಿಗೆ ಹುಲಿ ಪಟ್ಟೆ ಬಳಿದು ತೋಟಕ್ಕೆ ಬಿಟ್ಟಿದ್ದರು. ನಗು ಬಂದರೂ, ಯಾರಿಗೂ ತೊಂದರೆ ಕೊಡದ ಉಪಾಯ ಅದೊಂದೇ ಅಂತ ನಮಗನ್ನಿಸುತ್ತೆ.

ಉಳಿದಿದ್ದು ಬೋನು. ಹಣ ಕೊಟ್ಟು ಹಿಡಿಸೋದು, ರಾತ್ರೋರಾತ್ರಿ ಇನ್ನೊಂದು ಊರಿನ ಗಡಿಯಲ್ಲಿ ಬಿಟ್ಟು ಬರೋದು. ಆ ಊರಲ್ಲೂ ತೆಂಗು ಇದೆಯಲ್ಲ ಸ್ವಾಮಿ! ಅವರೂ ಹಿಡಿಸಿ ಮತ್ತೊಂದು ಕಡೆ ಬಿಡುತ್ತಾರೆ. ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದನ್ನು ನಮ್ಮ ಜಿಲ್ಲೆ ನೋಡಿದೆ. 2021ರ ಜುಲೈ ಕೊನೆಯಲ್ಲಿ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಹತ್ತಿರ ರಸ್ತೆ ಬದಿ ಮೂಟೆಗಳು ಸಿಕ್ಕವು. ಬಿಚ್ಚಿ ನೋಡಿದರೆ ಕೋತಿಗಳು, 38 ಸತ್ತಿದ್ದವು. ಕೆಲವಕ್ಕೆ ಇನ್ನೂ ಜೀವ ಇತ್ತು, ಊರಿನ ಹುಡುಗರು ನೀರು ಕುಡಿಸಿದರು. ಹೈಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡಿತು.

ಹಾಗಾಗಿ ಪಂಚಾಯಿತಿಗಳಿಗೆ ನಾವು ಹೇಳೋದಿಷ್ಟು: ಹಿಡಿಯುವವರಿಗೆ ಗುಟ್ಟಾಗಿ ದುಡ್ಡು ಕೊಡೋದು ನಿಲ್ಲಿಸಿ. ಗ್ರಾಮಸಭೆಯಲ್ಲಿ ಎದ್ದು ಕೇಳಿ, ಅರಣ್ಯ ಇಲಾಖೆಯವರನ್ನು ಕರೆಸಿ, ಸಂತಾನಹರಣ ಚಿಕಿತ್ಸೆ ಬೇಕು ಅಂತ ಠರಾವು ಮಾಡಿ. ಹಿಮಾಚಲ ಪ್ರದೇಶದಲ್ಲಿ ಅದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಒಂದು ಊರು ಮಾಡಿದರೆ ಸಾಲದು, ತಾಲ್ಲೂಕು ಪೂರ್ತಿ ಆಗಬೇಕು. ನಿಧಾನದ ಕೆಲಸ, ಈ ವರ್ಷದ ಕಾಯಿ ಅದರಿಂದ ಉಳಿಯಲ್ಲ; ಆ ನಷ್ಟಕ್ಕೆ ಪರಿಹಾರವನ್ನೂ ಅದೇ ಠರಾವಿನಲ್ಲಿ ಬರೆಸಿ.

ಇನ್ನೊಂದು ಮಾತು, ದೇವಸ್ಥಾನದ ಹತ್ತಿರ ಕೋತಿಗೆ ಬಿಸ್ಕತ್ತು ಎಸೆಯುವ ಪ್ರವಾಸಿಗಳಿಗೂ ಯಾರಾದರೂ ಹೇಳಿ. ಅವರು ಕಾರು ಹತ್ತಿ ಹೋಗುತ್ತಾರೆ, ಕೋತಿ ನಮ್ಮ ಹಂಚಿನ ಮೇಲೆ ಬರುತ್ತೆ.